ಎಂಟು ಹಣಿಗೆ

ಅಪ್ಪ ಹಲಗೆಗಲ್ಲನ್ನು ಬೆರಳ ಗೆಣ್ಣಿನಿಂದ ತಟ್ಟಿ ಕೇಳುತ್ತಿದ್ದ,
ಸಂತೆಯಲ್ಲಿ ಗಡಿಗೆ ಕೊಳ್ಳುವವರ ಹಾಗೆ.
ಠಣ್ ಅಂದರೆ ಸೂರಿಗೆ.
ದಬ್ ಅಂದರೆ ರಾಶಿಗೆ.
ಹುನ್ಸ್‌ರುಕ್ ಗುಡ್ಡದ ನಮ್ಮೂರಲ್ಲಿ
ಇಗರ್ಜಿ, ದನದ ಕೊಟ್ಟಿಗೆ, ಶಾಲೆಯ ಕಕ್ಕಸು,
ಎಲ್ಲದರ ತಲೆ ಮೇಲೂ ಅವನು ಸೀಳಿದ ಕಪ್ಪು ಹಲಗೆ.
ಮಳೆ ಬಂದಾಗಲೆಲ್ಲ ಊರು ಅವನನ್ನು ನೆನೆಯಬೇಕಿತ್ತು.
ಸೋರದ ಸೂರನ್ನು ಯಾರು ತಲೆಯೆತ್ತಿ ನೋಡುತ್ತಾರೆ?

ಆ ಒಂದು ಹಲಗೆ ಮಾತ್ರ
ಠಣ್ ಅನ್ನಲಿಲ್ಲ, ದಬ್ ಅನ್ನಲಿಲ್ಲ.
ನಡುವೆ ಏನೋ ಅಂದಿತು,
ಬಾಯಲ್ಲಿ ತುತ್ತಿಟ್ಟುಕೊಂಡು ಮಾತಾಡುವವರ ಹಾಗೆ.
ಅಪ್ಪ ಉಳಿ ಇಡಲಿಲ್ಲ.
ಅಂಗಿಯೊಳಗೆ ತುರುಕಿ ಮನೆಗೆ ತಂದ.
ಗಣಿ ಮಾಲೀಕನ ಲೆಕ್ಕದಲ್ಲಿ ಅದು ಕಳವು.
ಅವ್ವ ಹಾಗಂತ ಅಂದಳು ಕೂಡ, ಆಲೂಗಡ್ಡೆ ಸುಲಿಯುತ್ತಾ.

ಪಶುವೈದ್ಯೆ ಆಲ್ವಿನೆ ಕ್ರಾಯ್ಟ್ಸರ ಬಳಿ
ಕುದುರೆಗಾಲಿಗೆಂದು ಎಕ್ಸ್‌ರೇ ಯಂತ್ರವಿತ್ತು.
ಭಾನುವಾರ ಪೂಜೆ ಮುಗಿದ ಮೇಲೆ
ಕುಂಟುಕಾಲಿನ ಜಾಗದಲ್ಲಿ ಹಲಗೆ ಇಟ್ಟರು.
"ಅಲ್ಲಾಡಬೇಡ" ಅಂದರು, ರೂಢಿಯಿಂದ, ಕಲ್ಲಿಗೆ.
ನಾನು ನಕ್ಕೆ. ನನಗಾಗ ಒಂಬತ್ತು.

ಫಿಲ್ಮು ತೊಟ್ಟಿಕ್ಕುತ್ತಾ ಹೊರಬಂತು.
ಬೂದಿಯೊಳಗೆ ಬೂದಿ. ಅದರೊಳಗೆ
ನೆಲ್ಲಿಕಾಯಿಯಷ್ಟೇ ಒಂದು, ಗೆರೆಗೆರೆಯಾಗಿ:
ಎಂಟು ಸಾಲು, ಒಂದೊಂದೂ
ಅವ್ವನ ಹೇನುಹಣಿಗೆಯಷ್ಟು ಒತ್ತು.
ಎರಡು ಎಳೆ ಕೆಳಗೆ ಇಳಿಬಿದ್ದಿದ್ದವು,
ತಲೆ ಬಾಚುವವಳು ನಡುವೆ ಎದ್ದುಹೋದ ಹಾಗೆ.
ಎಲುಬಿಲ್ಲ, ಚಿಪ್ಪಿಲ್ಲ, ಹಲ್ಲಿಲ್ಲ.
ನೂರಕ್ಕೆ ತೊಂಬತ್ತೈದು ಪಾಲು ನೀರು,
ಉಳಿದದ್ದು ಈಜುವ ಆಸೆ.

ಬಾನ್ ಪಟ್ಟಣದಿಂದ ಬಂದ ಪ್ರೊಫೆಸರು
ಹಣಿಗೆಲೋಳೆ ಅಂದರು, ಟೋಪಿ ತೆಗೆದು.
ಕಲ್ಲಾಗಿ ಸಿಕ್ಕಿದ್ದು ಲೋಕಕ್ಕೆಲ್ಲ ಬೆರಳೆಣಿಕೆಯಷ್ಟಂತೆ.
ನಲವತ್ತು ಕೋಟಿ ವರ್ಷದ ಹಿಂದೆ ಇಲ್ಲಿ ಕಡಲಿತ್ತಂತೆ.
ಅವ್ವ ಕಿಟಕಿಯಾಚೆ ನೋಡಿದಳು. ಒಣಗಹಾಕಿದ ಬಟ್ಟೆ ಇತ್ತು.
ಸತ್ತರೆ ಹಗಲು ಮುಗಿಯುವುದರೊಳಗೆ ಕರಗುವ ಜೀವ,
ಕೆಸರು ಸರಕ್ಕನೆ ಮುಚ್ಚಿತು,
ಮೈ ಹೋಗುವ ಮೊದಲೇ
ಬೆಕ್ಕಿನ ಚಿನ್ನ ಬಂದು ಅಚ್ಚು ತೆಗೆದುಕೊಂಡಿತು.

ಬೆಕ್ಕಿನ ಚಿನ್ನ ನಮಗೆ ಗೊತ್ತಿತ್ತು.
ಮಾರಿದರೆ ಕಾಸು ಹುಟ್ಟದ ಹಳದಿ ಹೊಳಪು,
ಹುಡುಗರು ಗೋಲಿಯಾಟಕ್ಕೆ ಪಣ ಇಡುವುದು.

ಬದುಕಿದ್ದಾಗ ಎಂಟೂ ಸಾಲಲ್ಲಿ
ಕಾಮನಬಿಲ್ಲು ಓಡುತ್ತಿತ್ತು ಅಂದರು.
ಆಮೇಲೆ ತಾವೇ ತಿದ್ದಿದರು:
ಅದು ಅದರ ಸ್ವಂತ ಬೆಳಕಲ್ಲ,
ಹಣಿಗೆ ಬಡಿದಾಗ ಬಿಸಿಲು ಚೂರಾಗುತ್ತದೆ, ಅಷ್ಟೆ.
ಆ "ಅಷ್ಟೆ" ನನಗೆ ಹಿಡಿಸಲಿಲ್ಲ.

ಮರುವರ್ಷ ಚಳಿಗೆ ಅಪ್ಪನ ಕೆಮ್ಮು ನಿಲ್ಲಲಿಲ್ಲ.
ಸಿಮ್ಮರ್ನ್ ಆಸ್ಪತ್ರೆಯ ಗೋಡೆ, ದೀಪದ ಪೆಟ್ಟಿಗೆ,
ಇನ್ನೊಂದು ಫಿಲ್ಮು.
ಬೂದಿಯೊಳಗೆ ಬೂದಿ. ಅದರೊಳಗೆ
ಯಾರೋ ಹಿಟ್ಟು ಎರಚಿದ್ದರು.
"ಕಲ್ಲು" ಅಂದರು ಡಾಕ್ಟರು,
"ಮೂವತ್ತೊಂದು ವರ್ಷದ್ದು."
ಅಪ್ಪ ಅಂಗಿಯ ಗುಂಡಿ ಹಾಕಲಿಲ್ಲ.
ಬೆರಳ ಗೆಣ್ಣಿನಿಂದ ಎದೆ ತಟ್ಟಿ
ತಲೆ ವಾಲಿಸಿ ಕೇಳಿದ.
ಏನು ಕೇಳಿಸಿತೋ.
"ಇದನ್ನೂ ಬಾನ್‌ಗೆ ಕಳಿಸ್ತೀರಾ?" ಅಂದ.
ಡಾಕ್ಟರಿಗೆ ಅರ್ಥವಾಗಲಿಲ್ಲ. ನನಗೆ ಆಯಿತು,
ನಗಲು ಮಾತ್ರ ಆಗಲಿಲ್ಲ.

ಹಲಗೆ ಈಗ ಡ್ರಾಯರಿನಲ್ಲಿದೆ, ಹತ್ತಿಯ ಮೇಲೆ.
ಚೀಟಿಯಲ್ಲಿ ಸಂಖ್ಯೆ ಇದೆ, ಊರಿದೆ.
"ಸಿಕ್ಕಿದ್ದು ಯಾರಿಗೆ" ಎಂಬಲ್ಲಿ ಖಾಲಿ ಗೆರೆ.
ಬರೆಯಬೇಡಿ ಅಂದಿದ್ದ ಅಪ್ಪ, ಮಾಲೀಕನ ಭಯಕ್ಕೆ.
ಮಾಲೀಕ ಹೋದ. ಗಣಿಗೆ ಬೀಗ ಬಿತ್ತು.
ಗೆರೆ ಹಾಗೇ ಇದೆ.
ಓಟ್ಮಾರ್ ಎಂದು ಬರೆದುಬಿಡೋಣ ಅಂತ
ಒಮ್ಮೆ ಪೆನ್ನು ತೆಗೆದಿದ್ದೆ,
ಕಾವಲುಗಾರ ಕೆಮ್ಮಿದ.

ಆ ವರ್ಷ ನಮ್ಮ ಕೋಳಿಗೂಡಿನ ಸೂರಿಗೆ ಒಂದು ಹಲಗೆ ಕಡಿಮೆ ಬಿತ್ತು.
ಅಪ್ಪ ಅಲ್ಲಿಗೆ ತಗಡು ಬಡಿದ.
ಕೋಳಿಗಳಿಲ್ಲ ಈಗ. ತಗಡು ತುಕ್ಕು ಹಿಡಿದಿದೆ.
ಮಳೆ ಬಂದರೆ ಸೂರೆಲ್ಲ ಒಂದೇ ಸದ್ದು,
ಅದೊಂದು ಕಡೆ ಬೇರೆ.
ಠಣ್ ಅಲ್ಲ. ದಬ್ ಅಲ್ಲ.
ಬಟ್ಟೆ ಒಳಗೆ ತರಲು ಹೋದವಳು
ಅಲ್ಲೇ ನಿಂತು ನೆನೆಯುತ್ತೇನೆ.